ಡಬ್ಬಿಯಲ್ಲೇ ಉಳಿದುಹೋಗುವ ಗಾರ್ಡು

ತಿರುಗುವ ಚಕ್ರದಿಂದ ಕಬ್ಬಿಣ ಕತ್ತರಿಸುವ, ತಿಕ್ಕುವ ಕೈ ಮೆಷಿನ್ನು ಆ್ಯಂಗಲ್ ಗ್ರೈಂಡರು. ಹೊಸದರ ಡಬ್ಬಿ ಬಿಚ್ಚಿದರೆ ಮೆಷಿನ್ನಿನ ಜೊತೆ ಮೂರು ಸಾಮಾನು ಸಿಗುತ್ತವೆ: ಚಕ್ರವನ್ನು ಅರ್ಧ ಮುಚ್ಚುವ, ಅರ್ಧಚಂದ್ರಾಕಾರದ ತಗಡಿನ ಗಾರ್ಡು, ಪಕ್ಕಕ್ಕೆ ತಿರುಗಿಸಿ ಕೂರಿಸುವ ಹಿಡಿ, ಎರಡು ಮೊನೆಯ ಚಿಕ್ಕ ಸ್ಪ್ಯಾನರು. ಗೇಟು, ಕಿಟಕಿ ಗ್ರಿಲ್ಲು, ಶೀಟಿನ ಶೆಡ್ಡು ಮಾಡಿಕೊಡುವ ನಮ್ಮ ಊರುಗಳ ಎಷ್ಟೋ ವೆಲ್ಡಿಂಗ್ ಶಾಪುಗಳಲ್ಲಿ ಈ ಮೂರರೊಳಗೆ ಕೆಲಸಕ್ಕೆ ಇಳಿಯುವುದು ಸ್ಪ್ಯಾನರು ಒಂದೇ. ಗಾರ್ಡು, ಹಿಡಿ ಎರಡೂ ಡಬ್ಬಿಯಲ್ಲೇ ಉಳಿಯುತ್ತವೆ. ಡಬ್ಬಿ ಅಟ್ಟ ಸೇರುತ್ತದೆ, ಆಮೇಲೆ ಗುಜರಿ ಸೇರುತ್ತದೆ.

ಗ್ರೈಂಡರಿನಿಂದ ಕೈ ಹರಿದುಕೊಂಡವರನ್ನು ನೋಡಿದಾಗ "ಅದು ಡೇಂಜರ್ ಮೆಷಿನ್ನು" ಎಂದು ಮಾತು ಮುಗಿಸಿಬಿಡುತ್ತೇವೆ. ಮೆಷಿನ್ನು ಅಪಾಯದ್ದು, ನಿಜ. ಆದರೆ ಒಂದು ಗಾಯದ ಜಾಡು ಹಿಡಿದು ಹಿಂದಕ್ಕೆ ಹೋದರೆ ಮತ್ತೆ ಮತ್ತೆ ಸಿಗುವುದು ಇವೇ: ಬಿಚ್ಚಿಟ್ಟ ಗಾರ್ಡು, ಹಾಕದ ಹಿಡಿ, ಆ ಮೆಷಿನ್ನಿಗೆ ಹೊಂದದ ಚಕ್ರ, ಕೀಳದೆ ಬಿಟ್ಟ ಪ್ಲಗ್ಗು. ಸ್ವಿಚ್ಚು ಒತ್ತುವ ಮೊದಲೇ ಇವೆಲ್ಲ ತೀರ್ಮಾನವಾಗಿರುತ್ತವೆ. ಆದ್ದರಿಂದ ಕೆಲಸದ ಕೌಶಲಕ್ಕಿಂತ ಮೊದಲು ಈ ತೀರ್ಮಾನಗಳ ಬಗ್ಗೆಯೇ ಮಾತಾಡಬೇಕು.

1954ರಲ್ಲಿ ಜರ್ಮನಿಯ ಫ್ಲೆಕ್ಸ್ ಕಂಪನಿ ಈ ಮೆಷಿನ್ನನ್ನು ಹೊರತಂದಿತು. ಅಲ್ಲಿ ಇಂದಿಗೂ ಜನ ಇದನ್ನು 'ಫ್ಲೆಕ್ಸ್' ಎಂದೇ ಕರೆಯುತ್ತಾರೆ. ನಮ್ಮಲ್ಲಿ ಗ್ರೈಂಡರ್ ಅಂದರೆ ಮನೆಯಲ್ಲಿ ದೋಸೆ ಹಿಟ್ಟು ರುಬ್ಬುವುದು, ಶಾಪಿನಲ್ಲಿ ಕಬ್ಬಿಣ ಕತ್ತರಿಸುವುದು. ಶಾಪಿನವರ ಬಾಯಲ್ಲಿ ಇದು ಎ.ಜಿ. ಫೋರ್, ಅಂದರೆ ನಾಲ್ಕು ಇಂಚಿನ, 100 ಮಿ.ಮೀ. ಚಕ್ರದ ಮೆಷಿನ್ನು. ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿ ನೋಡಿ, ಚಕ್ರದ ಅಂಚು ಗಂಟೆಗೆ 207 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಕ್ರಿಕೆಟ್ಟಿನಲ್ಲಿ ದಾಖಲಾದ ಅತಿ ವೇಗದ ಎಸೆತ 161 ಕಿ.ಮೀ. ದಾಟಿದ್ದು, ಅದನ್ನು ಎದುರಿಸಿದವರ ತಲೆಗೆ ಹೆಲ್ಮೆಟ್, ಕಾಲಿಗೆ ಪ್ಯಾಡ್ ಇರುತ್ತದೆ. ಇಲ್ಲಿ ಒಡೆದ ಚಕ್ರದ ಚೂರು ಅದಕ್ಕಿಂತ ಜೋರಾಗಿ, ಚಕ್ರ ತಿರುಗುವ ಗೆರೆಯಲ್ಲೇ ಹಾರಿ ಬರುತ್ತದೆ. ಆ ಗೆರೆಗೂ ಕೆಲಸಗಾರನ ಮುಖಕ್ಕೂ ನಡುವೆ ನಿಲ್ಲುವ ವಸ್ತು ಒಂದೇ, ಆ ತಗಡಿನ ಗಾರ್ಡು.

ಹಾಗಿದ್ದರೂ ಗಾರ್ಡು ಯಾಕೆ ಬಿಚ್ಚುತ್ತಾರೆ? ಸೋಮಾರಿತನ ಅಂದರೆ ಅನ್ಯಾಯದ ಮಾತಾಗುತ್ತದೆ. ಕಾರಣಗಳಿವೆ. ಗ್ರಿಲ್ಲಿನ ಒಳಮೂಲೆಗೆ ಚಕ್ರ ತಲುಪಬೇಕಾದರೆ ಗಾರ್ಡು ಅಡ್ಡ ಬರುತ್ತದೆ. ಗುರುತು ಹಾಕಿದ ಗೆರೆ ಕಾಣುವುದಿಲ್ಲ. ಕೆಲವು ಅಗ್ಗದ ಮೆಷಿನ್ನುಗಳ ಗಾರ್ಡು ಸ್ಕ್ರೂ ಸಡಿಲವಾಗಿ ಅಲ್ಲಾಡುತ್ತ ಚಕ್ರಕ್ಕೇ ತಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದು: ನಾಲ್ಕು ಇಂಚಿನ ಮೆಷಿನ್ನಿಗೆ ಐದು ಇಂಚಿನ ಚಕ್ರ ಹಾಕಿದರೆ ಆಳಕ್ಕೆ ಕತ್ತರಿಸಬಹುದು, ಗಾರ್ಡು ಇದ್ದರೆ ಅದು ಹಿಡಿಸುವುದಿಲ್ಲ.

ಮೊದಲ ಎರಡಕ್ಕೆ ಉತ್ತರ ಮೆಷಿನ್ನಿನಲ್ಲೇ ಇದೆ. ಗಾರ್ಡು ಒಂದೇ ಕಡೆ ನಿಲ್ಲುವ ಭಾಗವಲ್ಲ, ಸುತ್ತ ತಿರುಗುತ್ತದೆ. ಪ್ಲಗ್ ಕಿತ್ತು, ಸ್ಕ್ರೂ ಅಥವಾ ಲಿವರ್ ಸಡಿಲಿಸಿ, ಮುಚ್ಚಿದ ಭಾಗ ನಿಮ್ಮ ಕಡೆ ಬರುವಂತೆ, ತೆರೆದ ಭಾಗ ಕಬ್ಬಿಣದ ಕಡೆ ಇರುವಂತೆ ತಿರುಗಿಸಿ ಬಿಗಿ ಮಾಡಿದರೆ ಬಹಳಷ್ಟು ಮೂಲೆಗಳು ಸಿಗುತ್ತವೆ, ಗೆರೆಯೂ ಕಾಣುತ್ತದೆ. ಕತ್ತರಿಸುವಾಗ ಚಕ್ರದ ಎರಡೂ ಪಕ್ಕ ಮುಚ್ಚುವ ಗಾರ್ಡು ಬೇಕು, ತಿಕ್ಕುವಾಗ ಒಂದೇ ಪಕ್ಕದ್ದು ಸಾಕು. ಇಷ್ಟಾದರೂ ಮೂಲೆ ಸಿಗದಿದ್ದರೆ ಅಲ್ಲಿ ಗ್ರೈಂಡರ್ ಸರಿಯಾದ ಸಾಧನವಲ್ಲ. ಅರವೋ, ಹ್ಯಾಕ್ಸಾವೋ, ಉದ್ದ ಮೂತಿಯ ಡೈ ಗ್ರೈಂಡರೋ ತೆಗೆದುಕೊಳ್ಳಬೇಕು. ಅಲ್ಲಾಡುವ ಗಾರ್ಡಿಗೆ ಹೊಸ ಕ್ಲ್ಯಾಂಪ್ ಸ್ಕ್ರೂ ಹಾಕಿದರೆ ಆಯಿತು. ದೊಡ್ಡ ಚಕ್ರದ ಆಸೆಗೆ ಮಾತ್ರ ಯಾವ ಅಡ್ಡದಾರಿಯೂ ಇಲ್ಲ. ಆಳ ಬೇಕಿದ್ದರೆ ಐದು ಅಥವಾ ಏಳು ಇಂಚಿನ ಮೆಷಿನ್ನನ್ನೇ ತರಬೇಕು.

ಏಕೆಂದರೆ ಚಕ್ರಕ್ಕೂ ಮೆಷಿನ್ನಿಗೂ ಜೋಡಿ ಹೊಂದುವುದು ವೇಗದಲ್ಲಿ ಮತ್ತು ತೂತಿನಲ್ಲಿ. ಲೋಹದ ಕಟಿಂಗ್ ವೀಲುಗಳ ಅಂಚಿನ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ಮೀರಬಾರದು. ಲೇಬಲ್ಲಿನ ಮೇಲಿನ ಕೆಂಪು ಪಟ್ಟಿ ಹೇಳುವುದು ಇದನ್ನೇ. ಆ ಲೆಕ್ಕದಲ್ಲಿ 125 ಮಿ.ಮೀ., ಅಂದರೆ ಐದು ಇಂಚಿನ ಚಕ್ರಕ್ಕೆ ನಿಮಿಷಕ್ಕೆ 12,200 ಸುತ್ತು, 180 ಮಿ.ಮೀ. ಚಕ್ರಕ್ಕೆ 8,500, 230 ಮಿ.ಮೀ. ಚಕ್ರಕ್ಕೆ 6,600 ಮಿತಿ. ಚಕ್ರದ ಮೇಲೆ ಬರೆದ ಸಂಖ್ಯೆ ಮೆಷಿನ್ನಿನ ನೇಮ್ ಪ್ಲೇಟಿನ ಸಂಖ್ಯೆಗಿಂತ ಯಾವತ್ತೂ ಹೆಚ್ಚು ಅಥವಾ ಸಮ ಇರಬೇಕು. ಈಗ 8,500 ಸುತ್ತಿನ ಚಕ್ರವನ್ನು 11,000 ಸುತ್ತಿನ ಮೆಷಿನ್ನಿಗೆ ಹಾಕಿದರೆ? ಸಿಡಿಸುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ ವೇಗ ಶೇಕಡಾ ಮೂವತ್ತರಷ್ಟು ಹೆಚ್ಚಾದಾಗ ಒತ್ತಡ ಸುಮಾರು ಶೇಕಡಾ ಎಪ್ಪತ್ತರಷ್ಟು ಹೆಚ್ಚಾಗಿರುತ್ತದೆ.

125 ಮಿ.ಮೀ. ಚಕ್ರದ ವಿಷಯದಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಅದರ ವೇಗದ ಮಿತಿ ನಾಲ್ಕು ಇಂಚಿನ ಮೆಷಿನ್ನಿನ ವೇಗಕ್ಕಿಂತ ಮೇಲೇ ಇದೆ, ಆದ್ದರಿಂದ "ಏನೂ ಆಗಲ್ಲ" ಎನ್ನುವವರ ಬಳಿ ಅರ್ಧ ಸತ್ಯ ಇದೆ. ಉಳಿದರ್ಧ ತೂತಿನಲ್ಲಿದೆ. ನಾಲ್ಕು ಇಂಚಿನ ಚಕ್ರದ ತೂತು 16 ಮಿ.ಮೀ., ಐದು ಇಂಚಿನದು 22.23 ಮಿ.ಮೀ. ನಡುವಿನ ಆರು ಮಿಲಿಮೀಟರು ಸಂದಿಯಲ್ಲಿ ಚಕ್ರ ಕೇಂದ್ರ ತಪ್ಪಿ ಕೂರುತ್ತದೆ. ತಗಡು ಸುತ್ತಿ, ವಾಷರ್ ತುಂಬಿ ಸರಿ ಮಾಡಿದರೂ ಕೂದಲೆಳೆಯಷ್ಟು ಓರೆ ಉಳಿದೇ ಇರುತ್ತದೆ. 11,000 ಸುತ್ತಿನಲ್ಲಿ ಆ ಕೂದಲೆಳೆಯೇ ಗಡಗಡ ನಡುಕವಾಗುತ್ತದೆ, ನಡುಕ ಬಿರುಕಾಗುತ್ತದೆ. ಗಾರ್ಡಂತೂ ಆಗಲೇ ಇಲ್ಲ. ನೆಲದ ಮೇಲಿಟ್ಟು ಪೈಪು ತುಂಡರಿಸುವ 14 ಇಂಚಿನ ಕಟ್-ಆಫ್ ಮೆಷಿನ್ನಿನ, ಸವೆದು ಚಿಕ್ಕದಾದ ಚಕ್ರವನ್ನು ಕೈ ಗ್ರೈಂಡರಿಗೆ ಹಾಕಿ ಮುಗಿಸುವ ಅಭ್ಯಾಸವೂ ಇದೇ ಜಾತಿಯದು. ಅದರ ತೂತು 25.4 ಮಿ.ಮೀ. ಇನ್ನು ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವುದಕ್ಕೆ ನಮ್ಮ ಸಲಹೆ ಒಂದೇ, ಬೇಡ. ಹಲ್ಲು ಗಂಟಿಗೆ ಕಚ್ಚಿಕೊಂಡರೆ ಮೆಷಿನ್ನು ಕೈಯಲ್ಲಿ ನಿಲ್ಲುವುದಿಲ್ಲ, ತೊಡೆಗೋ ಕುತ್ತಿಗೆಗೋ ಬಂದು ಬೀಳುತ್ತದೆ.

ಚಕ್ರಕ್ಕೂ ವಯಸ್ಸಿದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ನಡುವಿನ ಲೋಹದ ರಿಂಗನ್ನು ಬೆಳಕಿಗೆ ಹಿಡಿದು ಓದಿದರೆ ತಿಂಗಳು, ಇಸವಿ ಅಚ್ಚಾಗಿರುತ್ತದೆ. ತಯಾರಾದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದ ಅವಧಿ. ಈ ಚಕ್ರ ಅಂದರೆ ಹರಳುಗಳು, ಅವನ್ನು ಹಿಡಿದಿಡುವ ರಾಳ, ನಡುವೆ ಗಾಜಿನ ನೂಲಿನ ಜಾಲರಿ. ತೇವ ಕುಡಿದ ರಾಳ ಹಿಡಿತ ಸಡಿಲಿಸುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಶೆಡ್ಡಿನ ಮೂಲೆಯಲ್ಲಿ ಮೊಳೆಗೆ ತೂಗುಹಾಕಿದ ಚಕ್ರಗಳಿಗೆ ಅದೇ ಆಗುವುದು. ಮುಚ್ಚಳದ ಡಬ್ಬಿಯಲ್ಲಿ, ಸಪಾಟು ತಗಡಿನ ಮೇಲೆ ಮಲಗಿಸಿ ಇಟ್ಟರೆ ಡೊಂಕೂ ಆಗುವುದಿಲ್ಲ, ತೇವವೂ ತಾಗುವುದಿಲ್ಲ. ಕೆಳಗೆ ಬಿದ್ದ ಚಕ್ರವನ್ನು ಎಸೆದುಬಿಡಿ. ಬಿರುಕು ಕಣ್ಣಿಗೆ ಕಾಣಬೇಕೆಂದಿಲ್ಲ.

ಕೂರಿಸುವ ಕ್ರಮ ಚಿಕ್ಕದು, ಆದರೆ ಒಂದು ಹೆಜ್ಜೆ ತಪ್ಪಬಾರದು. ಪ್ಲಗ್ ಕೀಳಿ. ಚಕ್ರ ಕೂರುವ ಕಡ್ಡಿಯ (ಸ್ಪಿಂಡಲ್) ಮೇಲೆ, ಚಕ್ರಕ್ಕೆ ಆಸರೆಯಾಗುವ ಒಳಗಿನ ಬಿಲ್ಲೆ (ಫ್ಲ್ಯಾಂಜ್) ಸರಿಯಾಗಿ ಕೂತಿದೆಯೇ, ನಡುವೆ ಕಬ್ಬಿಣದ ಪುಡಿ ಸಿಕ್ಕಿಕೊಂಡಿದೆಯೇ ನೋಡಿ ಒರೆಸಿ. ಚಕ್ರ ಇಡಿ. ಹೊರಗಿನ ನಟ್ಟಿಗೆ ಎರಡು ಮುಖ, ಒಂದು ಸಪಾಟು, ಒಂದಕ್ಕೆ ಉಬ್ಬು. ದಪ್ಪ ಗ್ರೈಂಡಿಂಗ್ ವೀಲಿಗೆ ಉಬ್ಬು ಒಳಗೆ, ತೂತಿನೊಳಕ್ಕೆ ಕೂರಬೇಕು. ಒಂದು ಮಿಲಿಮೀಟರಿನ ತೆಳು ಕಟಿಂಗ್ ವೀಲಿಗೆ ಸಪಾಟು ಮುಖ ಒಳಗೆ, ಉಬ್ಬು ಹೊರಗೆ. ಇದು ತಿರುಗುಮುರುಗಾದರೆ ನಟ್ಟು ಬಿಗಿಯಾದಂತೆ ಕಂಡರೂ ಚಕ್ರ ಒಳಗೆ ಸಡಿಲವಾಗಿಯೇ ಇರುತ್ತದೆ. ಸ್ಪ್ಯಾನರಿನಲ್ಲಿ ಹದವಾಗಿ ಬಿಗಿ ಮಾಡಿದರೆ ಸಾಕು, ಚಕ್ರ ತಿರುಗುವಾಗ ತಾನೇ ಇನ್ನಷ್ಟು ಬಿಗಿಯಾಗುತ್ತದೆ. ಸುತ್ತಿಗೆಯಿಂದ ಹೊಡೆಯುವುದು ಬೇಡವೇ ಬೇಡ. ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಗಾರ್ಡಿಗೆ ತಾಗುವುದಿಲ್ಲ ಎಂದು ನೋಡಿ, ಆಮೇಲೆ ಪ್ಲಗ್ ಹಾಕಿ, ಯಾರೂ ಇಲ್ಲದ ಕಡೆಗೆ ಚಕ್ರ ಹಿಡಿದು ಒಂದು ನಿಮಿಷ ಬರಿದೇ ಓಡಿಸಿ. ಒಡೆಯಬೇಕಾದ ಹೊಸ ಚಕ್ರ ಸಾಮಾನ್ಯವಾಗಿ ಆ ನಿಮಿಷದಲ್ಲೇ ಒಡೆಯುತ್ತದೆ. ನಡುಕ ಕಂಡರೆ ನಿಲ್ಲಿಸಿ.

ಕಟಿಂಗ್ ವೀಲಿನಿಂದ ಬೀಡು, ಅಂದರೆ ಉಬ್ಬಿ ನಿಂತ ಬೆಸುಗೆ ತಿಕ್ಕುವುದು ಶಾಪುಗಳಲ್ಲಿ ದಿನಕ್ಕೆ ಹತ್ತು ಸಲ ಕಾಣುವ ದೃಶ್ಯ. ಚಕ್ರ ಬದಲಿಸುವ ಎರಡು ನಿಮಿಷ ಉಳಿಯುತ್ತದೆ, ಅಷ್ಟೇ. ತೆಳು ಚಕ್ರ ಅಂಚಿನ ಮೇಲೆ ಬರುವ ಬಲಕ್ಕೆ ಮಾತ್ರ ತಯಾರಾದದ್ದು, ಪಕ್ಕದಿಂದ ಒತ್ತಿದರೆ ಬಾಗುತ್ತದೆ, ಜಾಲರಿ ಬಿಡುತ್ತದೆ. ತಿಕ್ಕಲು ಆರು ಮಿಲಿಮೀಟರಿನ ನಡು ತಗ್ಗಿರುವ ಚಕ್ರ ಬೇಕು, ಕಬ್ಬಿಣಕ್ಕೆ 15ರಿಂದ 30 ಡಿಗ್ರಿ ಓರೆಯಲ್ಲಿ. ನುಣುಪು ಬೇಕಿದ್ದರೆ ಉಪ್ಪುಕಾಗದದಂಥ ಪಟ್ಟಿಗಳನ್ನು ಜೋಡಿಸಿದ ಫ್ಲ್ಯಾಪ್ ಡಿಸ್ಕು.

ಈಗ ಕತ್ತರಿಸುವ ಕ್ಷಣವನ್ನು ಹತ್ತಿರದಿಂದ ನೋಡೋಣ. ಒಂದು ಇಂಚಿನ ಎಂ.ಎಸ್. (ಮೆದು ಉಕ್ಕಿನ) ಚೌಕ ಪೈಪು, ಎರಡು ತುದಿಗೆ ಎರಡು ಇಟ್ಟಿಗೆ, ನಡುವೆ ಗುರುತು. ಚಕ್ರ ಮೇಲಿನಿಂದ ಇಳಿಯುತ್ತದೆ, ಮೇಲಿನ ಗೋಡೆ ತುಂಡಾಗುತ್ತದೆ, ಪಕ್ಕದ ಗೋಡೆಗಳು ಅರ್ಧ ಆಗುತ್ತವೆ. ಅಷ್ಟರಲ್ಲಿ ಪೈಪಿಗೆ ತನ್ನ ಭಾರ ಹೊರುವ ಶಕ್ತಿ ಉಳಿದಿರುವುದಿಲ್ಲ. ನಡು ಕುಸಿಯುತ್ತದೆ. ನಡು ಕುಸಿದಾಗ ಸೀಳಿನ ಮೇಲಿನ ಬಾಯಿ ಮುಚ್ಚಿಕೊಳ್ಳುತ್ತದೆ, ಚಕ್ರವನ್ನು ಇಕ್ಕಳದಂತೆ ಹಿಡಿಯುತ್ತದೆ. ಚಕ್ರ ನಿಂತಿತು, ಮೋಟರು ನಿಂತಿಲ್ಲ. ಆ ಬಲವೆಲ್ಲ ಮೆಷಿನ್ನಿನ ಮೈಗೆ ಬಂದು ಅದು ಒದೆಯುತ್ತದೆ. ಮನುಷ್ಯನ ಕೈ ಪ್ರತಿಕ್ರಿಯಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟು ಹೊತ್ತಿನಲ್ಲಿ ಓಡುವ ಚಕ್ರ 36 ಸುತ್ತು ಮುಗಿಸಿರುತ್ತದೆ. ಅಂದರೆ ಅನುಭವಸ್ಥನೋ ಹೊಸಬನೋ ಎಂಬ ಪ್ರಶ್ನೆಯೇ ಇಲ್ಲ, ಯಾರ ಕೈಯೂ ಆ ಒದೆತಕ್ಕಿಂತ ಮುಂದೆ ಇರಲಾರದು. "ಇಪ್ಪತ್ತು ವರ್ಷದಿಂದ ಮಾಡ್ತಿದೀನಿ" ಎಂಬ ಮಾತಿನ ಮೇಲೆ ನಮಗೆ ಗೌರವವಿದೆ, ಆದರೆ ಈ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

ಉಪಾಯ ಇರುವುದು ಆಧಾರ ಕೊಡುವುದರಲ್ಲಿ. ಬೇಕಾದ ಭಾಗವನ್ನು ವೈಸಿನಲ್ಲೋ ಸಿ-ಕ್ಲ್ಯಾಂಪಿನಲ್ಲೋ ಬೆಂಚಿಗೆ ಬಿಗಿದು, ಗುರುತು ಬೆಂಚಿನ ಅಂಚಿಗೆ ಹತ್ತಿರ ಬರುವಂತೆ, ತುಂಡಾಗುವ ಭಾಗ ಹೊರಗೆ ಚಾಚಿರುವಂತೆ ಇಡಬೇಕು. ಆಗ ತುಂಡು ಕೆಳಗೆ ಬಾಗಿದಷ್ಟೂ ಸೀಳು ಬಾಯಿ ತೆರೆಯುತ್ತದೆ, ಚಕ್ರ ಬಿಡುವಾಗಿ ಇಳಿಯುತ್ತದೆ. ದೊಡ್ಡ ಶೀಟಾದರೆ ಸೀಳಿನ ಎರಡೂ ಪಕ್ಕ, ಸೀಳಿಗೆ ಹತ್ತಿರವೇ ಆಧಾರ ಕೊಡಿ. ಪೈಪನ್ನು ಕಾಲಲ್ಲಿ ಮೆಟ್ಟಿಕೊಂಡು ಕತ್ತರಿಸುವುದನ್ನು ಬಿಡಲೇಬೇಕು. ಆ ಭಂಗಿಯಲ್ಲಿ ಪಾದ ಆಧಾರವೂ ಹೌದು, ಚಕ್ರ ಜಾರಿದರೆ ಅದು ಇಳಿಯುವ ಜಾಗವೂ ಹೌದು. ಚಕ್ರ ಪೂರ್ತಿ ವೇಗಕ್ಕೆ ಬಂದ ಮೇಲೆ ತಾಗಿಸಿ. ನೇರ ಇಳಿಸಿ, ಸೀಳಿನೊಳಗೆ ತಿರುಚಬೇಡಿ. ಚಕ್ರ ನಿಮ್ಮ ಕೈಯಿಂದ ಮುಂದಕ್ಕೆ ಎಳೆದುಕೊಂಡು ಓಡುವ ದಿಕ್ಕಿಗೆ ಮೆಷಿನ್ನು ಸಾಗಿಸಬೇಡಿ, ಅದರ ವಿರುದ್ಧ ದಿಕ್ಕಿಗೆ ಸಾಗಿಸಿ. ಮೈ, ಮುಖ ಚಕ್ರದ ಗೆರೆಯಿಂದ ಒಂದು ಪಕ್ಕಕ್ಕಿರಲಿ. ಪಕ್ಕದ ಹಿಡಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಒದೆತವನ್ನು ಒಂದು ಮಣಿಕಟ್ಟು ತಡೆಯಲಾರದು, ಒಂದಡಿ ದೂರದಲ್ಲಿ ಹಿಡಿದ ಎರಡು ಕೈ ಎಷ್ಟೋ ಮಟ್ಟಿಗೆ ತಡೆಯುತ್ತವೆ. ಹಿಡಿಯನ್ನು ಎಡಕ್ಕೂ ಬಲಕ್ಕೂ ಹಾಕಬಹುದು, ಎಡಗೈಯವರಿಗೆ ಕಷ್ಟವಿಲ್ಲ.

ನಮ್ಮ ಕಡೆಗೇ ವಿಶೇಷವಾದ ಇನ್ನೊಂದು ಅಪಾಯವಿದೆ, ಕರೆಂಟು. ಬಹುಪಾಲು ಸಣ್ಣ ಗ್ರೈಂಡರುಗಳ ಸ್ವಿಚ್ಚು ಜಾರಿಸಿ ಸಿಕ್ಕಿಸುವಂಥದು. ಕೆಲಸದ ನಡುವೆ ಕರೆಂಟು ಹೋಗುತ್ತದೆ. ಚಕ್ರ ತಾನೇ ನಿಲ್ಲುತ್ತದೆ, ಕೆಲಸಗಾರ ಮೆಷಿನ್ನನ್ನು ಕೆಳಗಿಟ್ಟು ಟೀ ಕುಡಿಯಲು ಹೋಗುತ್ತಾನೆ. ಸ್ವಿಚ್ಚು ಇನ್ನೂ ಆನ್ ಇದೆ ಎಂಬುದು ಯಾರಿಗೂ ನೆನಪಿಲ್ಲ. ಕರೆಂಟು ಬಂದಾಗ ಮೆಷಿನ್ನು ನೆಲದ ಮೇಲೆ ಹಾವಿನಂತೆ ಹೊರಳುತ್ತದೆ, ತನ್ನ ವೈರನ್ನೇ ಕತ್ತರಿಸುತ್ತದೆ, ಇಲ್ಲವೇ ಅಷ್ಟರಲ್ಲಿ ಚಕ್ರ ಬದಲಿಸಲು ಕೂತವನ ಬೆರಳನ್ನು ತೆಗೆಯುತ್ತದೆ. ಕರೆಂಟು ಹೋದ ಕ್ಷಣವೇ ಸ್ವಿಚ್ಚು ಹಿಂದಕ್ಕೆ, ಪ್ಲಗ್ ಹೊರಕ್ಕೆ. ಇದು ಕೈಗೆ ಅಭ್ಯಾಸವಾಗಿಬಿಡಬೇಕು. ಹೊಸದು ಕೊಳ್ಳುವವರು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ ಪ್ಯಾಡಲ್ ಸ್ವಿಚ್ಚಿನದನ್ನೋ, ಕರೆಂಟು ಮರಳಿದಾಗ ತಾನಾಗಿ ಶುರುವಾಗದ ಮಾಡೆಲ್ಲನ್ನೋ ಕೇಳಿ ತೆಗೆದುಕೊಳ್ಳಿ. ಸ್ವಲ್ಪ ಹೆಚ್ಚು ದುಡ್ಡು, ಆದರೆ ಈ ಒಂದು ಗುಣಕ್ಕೆ ಕೊಡಬೇಕು. ಪ್ಲಗ್ಗಿಲ್ಲದೆ ವೈರಿನ ತುದಿಯನ್ನು ಸಾಕೆಟ್ಟಿಗೆ ಚುಚ್ಚಿ ಬೆಂಕಿಕಡ್ಡಿ ಸಿಕ್ಕಿಸುವ ಪದ್ಧತಿಯಲ್ಲಿ ಕೀಳಲು ಪ್ಲಗ್ಗೇ ಇರುವುದಿಲ್ಲ. ಬೋರ್ಡಿಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ., ಅಂದರೆ ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು ಇರಲಿ. ಎಕ್ಸ್‌ಟೆನ್ಷನ್ ವೈರನ್ನು ಸುತ್ತಿದ ಸ್ಥಿತಿಯಲ್ಲೇ ಬಳಸಬೇಡಿ, ಬಿಸಿಯಾಗಿ ಕರಗುತ್ತದೆ.

ಕಿಡಿಗಳ ವಿಷಯ. ಅವು ಉರಿಯುವ ಕಬ್ಬಿಣದ ಚೂರುಗಳು, ಹಲವು ಮೀಟರು ದೂರ ಹೋಗುತ್ತವೆ. ಪೇಂಟು, ಥಿನ್ನರು, ಹತ್ತಿ ವೇಸ್ಟು, ಗ್ಯಾಸ್ ಸಿಲಿಂಡರಿನ ಹೋಸು ಆ ಕಡೆ ಇರಕೂಡದು. ಹತ್ತಿ ವೇಸ್ಟಿನೊಳಗೆ ಹೊಕ್ಕ ಕಿಡಿ ಹೊಗೆಯಿಲ್ಲದೆ ಅರ್ಧ ಗಂಟೆ ಕಾದು ಆಮೇಲೆ ಹತ್ತಿಕೊಳ್ಳಬಹುದು, ಆದ್ದರಿಂದ ಅಂಗಡಿ ಮುಚ್ಚುವ ಮುನ್ನ ಒಮ್ಮೆ ನೋಡಿ ಹೋಗಿ. ಖಾಲಿ ಡ್ರಮ್ಮು, ಹಳೆಯ ಪೆಟ್ರೋಲ್ ಟ್ಯಾಂಕು ಕತ್ತರಿಸಲು ತಂದರೆ ಮುಟ್ಟಬೇಡಿ. ತುಂಬಿದ ಡ್ರಮ್ಮಿಗಿಂತ ಖಾಲಿಯದು ಕೆಟ್ಟದ್ದು, ಒಳಗೆ ಉಳಿದ ಆವಿ ಗಾಳಿಯೊಂದಿಗೆ ಸೇರಿ ಸಿಡಿಯಲು ಹದವಾಗಿರುತ್ತದೆ. ರಸ್ತೆ ಬದಿಯ ಶಾಪಾದರೆ ಕಿಡಿಯ ದಿಕ್ಕಿಗೆ ಒಂದು ಹಳೆ ಶೀಟು ನಿಲ್ಲಿಸಿ. ಆ ಬೆಳಕು ನೋಡಲು ನಿಲ್ಲುವ ಮಕ್ಕಳ ಕಣ್ಣು ಸರಿಯಾಗಿ ಆ ಎತ್ತರದಲ್ಲೇ ಇರುತ್ತದೆ. ಗಾಜು, ನಿಲ್ಲಿಸಿದ ಕಾರು, ಹೊಸ ಟೈಲ್ಸು ಪಕ್ಕದಲ್ಲಿದ್ದರೆ ಮುಚ್ಚಿ, ಕಿಡಿ ಗಾಜಿನೊಳಗೆ ಕರಗಿ ಕೂತರೆ ಒರೆಸಿ ತೆಗೆಯಲಾಗದು.

ಕೂಲಿಂಗ್ ಗ್ಲಾಸು ಕಣ್ಣಿನ ರಕ್ಷಣೆ ಅಲ್ಲ. ಪಕ್ಕ ಮುಚ್ಚಿದ ಪಾಲಿಕಾರ್ಬೊನೇಟ್ ಗಾಗಲ್ಸ್ ಹಾಕಿ, ಕತ್ತರಿಸುವಾಗ ಅದರ ಮೇಲೆ ಫೇಸ್ ಶೀಲ್ಡೂ ಇರಲಿ. ಶೀಲ್ಡ್ ಒಂದೇ ಇದ್ದರೆ ಗದ್ದದ ಕೆಳಗಿಂದ ಚೂರು ನುಗ್ಗುತ್ತದೆ. ಕಣ್ಣಿಗೆ ಚೂರು ಬಿದ್ದರೆ ಉಜ್ಜುವುದು, ಸೆರಗಿನ ತುದಿಯಿಂದಲೋ ಬೆಂಕಿಕಡ್ಡಿಯಿಂದಲೋ ತೆಗೆಯುವುದು ಬೇಡ. ಬಿಸಿ ಕಬ್ಬಿಣ ಕರಿಗುಡ್ಡೆಯ ಮೇಲ್ಪದರಕ್ಕೆ ಅಂಟಿಕೊಂಡಿರುತ್ತದೆ, ಒಂದೆರಡು ದಿನದೊಳಗೆ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ. ಅದನ್ನು ಕಣ್ಣಿನ ವೈದ್ಯರೇ ತೆಗೆಯಬೇಕು. ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಆಸ್ಪತ್ರೆ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಕಣ್ಣಿನ ವಿಭಾಗ ಇರುತ್ತದೆ. ಮತ್ತೊಂದು ಮಾತು: ಗ್ರೈಂಡಿಂಗ್ ಕೆಲಸ ಮಾಡಿದವರು ಮುಂದೆ ಯಾವತ್ತಾದರೂ ಎಂ.ಆರ್.ಐ. ಸ್ಕ್ಯಾನಿಗೆ ಹೋದರೆ ಮೊದಲೇ ಹೇಳಬೇಕು. ಕಣ್ಣಿನೊಳಗೆ ತಿಳಿಯದೆ ಉಳಿದ ಕಬ್ಬಿಣದ ಚೂರನ್ನು ಆ ಅಯಸ್ಕಾಂತ ಎಳೆಯುತ್ತದೆ.

ಕಿವಿಗೆ ಪ್ಲಗ್ಗು, ಕಾಲಿಗೆ ಶೂ ಇರಲಿ, ಹವಾಯಿ ಚಪ್ಪಲಿ ಬೇಡ. ಹೆಗಲ ಮೇಲಿನ ಟವೆಲು, ಲುಂಗಿ, ಮಫ್ಲರು, ಬಿಚ್ಚಿದ ತೋಳು, ಕೊರಳಿನ ದಾರ ಎಲ್ಲವೂ ಚಕ್ರಕ್ಕೆ ಸುತ್ತಿಕೊಳ್ಳುತ್ತವೆ. ಕೈಗೆ ಬಿಗಿಯಾಗಿ ಕೂರುವ ಚರ್ಮದ ಗ್ಲೌಸು ಸರಿ, ನೂಲಿನ ಸಡಿಲ ಗ್ಲೌಸಿನ ಎಳೆ ಸಿಕ್ಕಿದರೆ ಬೆರಳೂ ಅದರ ಹಿಂದೆ ಹೋಗುತ್ತದೆ.

ಗ್ರಾನೈಟು, ಟೈಲ್ಸು, ಕಾಂಕ್ರೀಟು ಕತ್ತರಿಸುವವರಿಗೆ ಗಾಯಕ್ಕಿಂತ ದೊಡ್ಡ ಶತ್ರು ಧೂಳು. ಗ್ರಾನೈಟಿನಲ್ಲಿ ಸ್ಫಟಿಕ ಶಿಲೆಯ ಪಾಲು ಐದನೇ ಒಂದಕ್ಕಿಂತ ಹೆಚ್ಚು. ಅದರ ಕಣ್ಣಿಗೆ ಕಾಣದ ಪುಡಿ ಶ್ವಾಸಕೋಶದಲ್ಲಿ ಕೂತು ಕಲೆ ಕಟ್ಟುವ ರೋಗ ಸಿಲಿಕೋಸಿಸ್. ವಾಸಿಯಾಗುವುದಿಲ್ಲ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯದು, ಕನಿಷ್ಠ ಎನ್95 ಬೇಕು. ಧೂಳು ಏಳದಂತೆ ನೀರು ಹಾಯಿಸಿ ಕತ್ತರಿಸುವುದು ಉತ್ತಮ, ಆದರೆ ನೀರಿಗೆಂದೇ ಮಾಡಿದ ಕಟರಿನಲ್ಲಿ. ಸಾಮಾನ್ಯ ಗ್ರೈಂಡರಿಗೆ ಪಕ್ಕದಿಂದ ಮಗ್ಗಿನಲ್ಲಿ ನೀರು ಸುರಿದರೆ ಶಾಕ್ ಹೊಡೆಯುತ್ತದೆ.

1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಓಡುವ ಯಂತ್ರಕ್ಕೆ ಕವಚ ಇರಬೇಕೆಂದು, ಕೆಲಸಗಾರನ ಕಣ್ಣಿಗೆ ರಕ್ಷಣೆ ಕೊಡಬೇಕೆಂದು ಬರೆದಿತ್ತು. ಆದರೆ ಆ ಕಾಯ್ದೆ ಎಣಿಸುತ್ತಿದ್ದುದು ಹತ್ತು ಜನರಿಂದ ಮೇಲೆ. ಇಬ್ಬರು ಮೂವರು ದುಡಿಯುವ ರಸ್ತೆ ಬದಿಯ ಶಾಪು ಆ ಲೆಕ್ಕದ ಹೊರಗೇ ಉಳಿಯಿತು. ಅಲ್ಲಿ ಇನ್‌ಸ್ಪೆಕ್ಟರು ಬರುವುದಿಲ್ಲ, ಮಾಲೀಕ ಹೇಳಿದ್ದೇ ನಿಯಮ. ಹಾಗಾಗಿ ಗಾರ್ಡಿನ ಹೊಣೆ ಕೂಲಿಯ ಹುಡುಗನ ತಲೆಗೆ ಕಟ್ಟುವುದನ್ನು ನಾವು ಒಪ್ಪುವುದಿಲ್ಲ. ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು, ಸಂಜೆಯೊಳಗೆ ಗ್ರಿಲ್ಲು ಬೇಕೆಂದು ನಿಂತವರ ಎದುರು ಅವನು ಚಕ್ರ ಬದಲಿಸುತ್ತ ಕೂರಲಾರ. ಎರಡು ಮೆಷಿನ್ನು ಇಟ್ಟು, ಒಂದಕ್ಕೆ ಕಟಿಂಗ್ ವೀಲು, ಒಂದಕ್ಕೆ ಗ್ರೈಂಡಿಂಗ್ ವೀಲು ಖಾಯಂ ಹಾಕಿಬಿಟ್ಟರೆ ಅರ್ಧ ತಪ್ಪುಗಳಿಗೆ ಅವಕಾಶವೇ ಇರುವುದಿಲ್ಲ. ಅದು ಮಾಲೀಕ ಮಾಡಬೇಕಾದ ಖರ್ಚು.

ಗಾಯ ಆಗಿಯೇ ಬಿಟ್ಟರೆ: ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, 108ಕ್ಕೆ ಕರೆ ಮಾಡಿ. ಒಳಗೆ ನಾಟಿದ ಚೂರನ್ನು ಕೀಳಬೇಡಿ. ಅರಿಶಿನ, ಕಾಫಿಪುಡಿ ತುಂಬಬೇಡಿ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ, ಆ ಕವರನ್ನು ಐಸಿನ ಮೇಲೆ ಇಡಿ. ಐಸು ನೇರವಾಗಿ ಬೆರಳಿಗೆ ತಾಗಬಾರದು.

ಗಾರ್ಡು ಈಗಾಗಲೇ ಗುಜರಿ ಸೇರಿದ್ದರೆ ಹೊಸದು ತರಬಹುದು. ಮೆಷಿನ್ನಿನ ನೇಮ್ ಪ್ಲೇಟಿನ ಫೋಟೋ ತೆಗೆದುಕೊಂಡು ಪವರ್ ಟೂಲ್ ರಿಪೇರಿ ಅಂಗಡಿಗೆ ಹೋಗಿ ಮಾಡೆಲ್ ನಂಬರ್ ತೋರಿಸಿ. ಬೇರೆ ಕಂಪನಿಯ ಗಾರ್ಡು ಹೊಂದುತ್ತದೆ ಎಂದರೆ ನಂಬುವ ಮೊದಲು ಮೆಷಿನ್ನನ್ನೇ ಒಯ್ದು ಅಲ್ಲೇ ಕೂರಿಸಿ ನೋಡಿ: ಗೇರ್ ಹೆಡ್ಡಿನ ಕೊರಳಿಗೆ ಅಲುಗಾಡದೆ ಕಚ್ಚಬೇಕು, ಸ್ಕ್ರೂ ಬಿಗಿದ ಮೇಲೆ ಕೈಯಿಂದ ತಿರುಗಬಾರದು, ಹೊಸ ಚಕ್ರ ಹಾಕಿದಾಗ ಅಂಚಿಗೂ ತಗಡಿಗೂ ನಡುವೆ ಸುತ್ತಲೂ ಒಂದೇ ಸಮ ಸಂದಿ ಕಾಣಬೇಕು. ಪಕ್ಕದ ಹಿಡಿಯನ್ನೂ ಅದೇ ಸಲ ಕೇಳಿ ತನ್ನಿ, ನಾಲ್ಕು ಇಂಚಿನ ಮೆಷಿನ್ನುಗಳಲ್ಲಿ ಅದರ ತಿರುಪಿನ ಮರೆ (ಥ್ರೆಡ್ಡು) ಸಾಮಾನ್ಯವಾಗಿ 8 ಅಥವಾ 10 ಮಿ.ಮೀ. ಇರುತ್ತದೆ, ಅಳತೆ ನೋಡಿಕೊಳ್ಳಿ.